ಹಳೆಯ ಗಣಕಯಂತ್ರದಲ್ಲಿ ಹೊಸ ಕಾರ್ಯಾಚರಣಾ ವ್ಯವಸ್ಥೆ: ಅರ್ಜಿದಾರರಿಗೆ ಮಾಹಿತಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುತ್ತದೆ. ವಿಂಡೋಸ್ 11ಕ್ಕೆ ಇತರ ಅಗತ್ಯಗಳೊಂದಿಗೆ ಕನಿಷ್ಠ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸಂಗ್ರಹ ಸ್ಥಳ ಹಾಗೂ ಟಿ.ಪಿ.ಎಂ. 2.0 ಭದ್ರತಾ ಘಟಕ ಅವಶ್ಯ. ಸದರಿ ಘಟಕವು ಯಂತ್ರದಲ್ಲಿದ್ದೂ ಬಯೋಸ್‌ನಲ್ಲಿ ನಿಷ್ಕ್ರಿಯವಾಗಿರುವುದುಂಟು. ಹೊಸ ಯಂತ್ರ ಖರೀದಿಸುವ ಮುನ್ನ ಇದನ್ನು ಪರಿಶೀಲಿಸುವುದು ಲೇಸು. ಅರ್ಹತಾ ತಪಾಸಣೆಯನ್ನು ತಪ್ಪಿಸಿ ಅಳವಡಿಸುವ ವಿಧಾನಗಳು ಬಳಕೆಯಲ್ಲಿವೆಯಾದರೂ, ಅಂತಹ ಯಂತ್ರಗಳಿಗೆ ಮುಂದಿನ ಪರಿಷ್ಕರಣೆಗಳು ದೊರೆಯುವ ಖಾತರಿ ಇರುವುದಿಲ್ಲ.

ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿರುವಾಗ ಈ ಕಾರ್ಯಕ್ಕೆ ತೊಡಗುವುದು ಸೂಕ್ತವಲ್ಲ. ಡಿಸ್ಕ್ ಅಳಿಸಿ ಅಳವಡಿಸಿದಲ್ಲಿ ಕಡತಗಳು ನಷ್ಟವಾಗುವುದರಿಂದ, ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳ ಸ್ಕ್ಯಾನ್ ಪ್ರತಿಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ನಕಲಿಸತಕ್ಕದ್ದು. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಮನವಿಗಳಿದ್ದಲ್ಲಿ ಆ ಫಾಂಟ್‌ಗಳನ್ನೂ ಉಳಿಸಿಕೊಳ್ಳಬೇಕು; ಇಲ್ಲವಾದಲ್ಲಿ ಕನ್ನಡದ ಬದಲು ಅರ್ಥವಾಗದ ರೋಮನ್ ಅಕ್ಷರಗಳು ಕಾಣಿಸುವವು. ಯುನಿಕೋಡ್‌ನಲ್ಲಿ ಸಿದ್ಧಪಡಿಸಿದ ಕಡತಗಳಿಗೆ ಈ ತೊಂದರೆ ಇರುವುದಿಲ್ಲ.