ಅಳುವ ಬೊಂಬೆಯ ಪಾಠ

ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ, ಚರಿತ್ರೆಗಳ ಜೊತೆಗೆ ಬಾಳುವೆಯ ಪಾಠವೂ ಒಂದುಂಟು. ದೇಹಾರೋಗ್ಯ, ಸ್ನೇಹ, ದಾಂಪತ್ಯ, ಮಾದಕ ವಸ್ತುಗಳ ಅಪಾಯ, ಹಣದ ವ್ಯವಹಾರ ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ೨೦೧೭ರ ಶಾಸನವೊಂದರ ಫಲವಾಗಿ, ಅದರ ಪೈಕಿ ಸಂಬಂಧಗಳ ಹಾಗೂ ಲೈಂಗಿಕ ವಿಷಯಗಳ ಶಿಕ್ಷಣವೂ ಆರೋಗ್ಯಶಿಕ್ಷಣವೂ ೨೦೨೦ರ ಸೆಪ್ಟೆಂಬರಿನಿಂದ ಕಡ್ಡಾಯವಾದುವು. ಇಂಥ ಪಾಠ ಬೇಕೆ, ಬೇಡವೆ ಎಂಬ ವಾದಕ್ಕೆ ಕೊನೆಯಿಲ್ಲ. ನಮ್ಮ ಕುತೂಹಲವಾದರೋ ಬೇರೆಡೆ ಇದೆ. ಪಾಠ ಫಲಿಸಿತೆಂಬುದನ್ನು ತಿಳಿಯುವ ಬಗೆ ಯಾವುದು? ಓಮನ ನಿಯಮವನ್ನು ಬೋಧಿಸಿದವರು ಒಂದು ಲೆಕ್ಕ ಕೊಟ್ಟು ನೋಡಬಹುದು. ವಿವೇಕವನ್ನು ಬೋಧಿಸಿದವರು ಏನನ್ನು ಅಳೆಯಬೇಕು?

ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ನಡೆದ ಪ್ರಯೋಗವೊಂದನ್ನು ವಾಚಕರು ಗಮನಿಸಬೇಕು. ಹದಿಹರೆಯದಲ್ಲಿಯೇ ತಾಯಂದಿರಾಗುವುದನ್ನು ತಪ್ಪಿಸಲೆಂದು ೧೩ರಿಂದ ೧೫ ವಯಸ್ಸಿನ ಬಾಲಕಿಯರಿಗೆ ಶಾಲೆಯಲ್ಲಿ ಪಾಠಗಳನ್ನು ಹೇಳಿ, ವಾರದ ಕೊನೆಗೆ ಮನೆಗೊಯ್ಯಲು ಒಂದೊಂದು ಬೊಂಬೆಯನ್ನು ಕೊಟ್ಟರು. ಅದು ಸಾಮಾನ್ಯ ಬೊಂಬೆಯಲ್ಲ. ಹಸಿದಾಗ ಅಳುತ್ತದೆ, ಬಟ್ಟೆ ಬದಲಿಸಬೇಕಾದಾಗ ಅಳುತ್ತದೆ, ತೂಗಲಿಲ್ಲವೆಂದು ನಡುರಾತ್ರಿಯಲ್ಲಿಯೂ ಅಳುತ್ತದೆ. ಆರೈಕೆ ಹೇಗಿತ್ತೆಂಬುದನ್ನು ಒಳಗಿನ ಯಂತ್ರ ದಾಖಲಿಸಿಕೊಳ್ಳುತ್ತದೆ. ಎರಡು ರಾತ್ರಿ ನಿದ್ದೆಗೆಟ್ಟವಳು ತಾಯ್ತನಕ್ಕೆ ಆತುರಪಡಲಾರಳೆಂಬುದು ಯೋಜಕರ ಎಣಿಕೆ. ಯಾರಿಗೆ ತಾನೇ ಹಾಗೆನ್ನಿಸದು?

ಆದರೆ ಸಂಶೋಧಕರು ಎಣಿಕೆಯನ್ನು ನೆಚ್ಚಿ ಕೂರಲಿಲ್ಲ. ೫೭ ಶಾಲೆಗಳನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಬೊಂಬೆಯ ಪಾಠವನ್ನೂ ಮತ್ತೊಂದಕ್ಕೆ ಎಂದಿನ ಆರೋಗ್ಯಪಾಠವನ್ನೂ ಕೊಟ್ಟರು. (ಒಂದೇ ಶಾಲೆಯ ಬಾಲಕಿಯರನ್ನು ಬೇರ್ಪಡಿಸಿದ್ದರೆ ಗೆಳತಿಯರ ಮಾತಿನಲ್ಲಿ ಎರಡೂ ಪಾಠಗಳು ಬೆರೆತುಹೋಗುತ್ತಿದ್ದುವು.) ಬಳಿಕ ಆಸ್ಪತ್ರೆಗಳ ದಾಖಲೆಗಳ ಮೂಲಕ ೨೦ ವಯಸ್ಸಿನವರೆಗೆ ಅವರನ್ನು ಅನುಸರಿಸಿದರು. ೨೦೧೬ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಬೊಂಬೆಯನ್ನು ಪಡೆದ ಪಾಲಿನ ೧,೨೬೭ ಮಂದಿಯಲ್ಲಿ ಶೇಕಡ ೮ರಷ್ಟು ಮಂದಿ ಹೆತ್ತಿದ್ದರು. ಇನ್ನೊಂದು ಪಾಲಿನ ೧,೫೬೭ ಮಂದಿಯಲ್ಲಿ ಶೇಕಡ ೪ ಮಾತ್ರ! ಗರ್ಭಪಾತಗಳೂ ಬೊಂಬೆಯ ಪಾಲಿನಲ್ಲಿಯೇ ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವಿದೆ. ಎರಡನೆಯ ಪಾಲೇ ಇಲ್ಲದಿದ್ದರೆ ಏನಾಗುತ್ತಿತ್ತು? ಬೊಂಬೆಯನ್ನು ಎತ್ತಿಕೊಂಡ ಪಾಲಿನಲ್ಲಿ ನೂರಕ್ಕೆ ೯೨ ಮಂದಿ ೨೦ ತುಂಬುವವರೆಗೆ ಹೆರಲಿಲ್ಲವಾದಕಾರಣ, ಪಾಠ ಅಮೋಘವಾಗಿ ಫಲಿಸಿತೆಂದು ಸಭೆ ಸೇರಿಸಿ ಹೂಮಾಲೆ ಹಾಕಬಹುದಾಗಿತ್ತು. ಹಾನಿ ಕಣ್ಣಿಗೆ ಬಿದ್ದುದು ಹೋಲಿಕೆಯಿಂದ. ಕಾರಣವೇನೆಂಬುದನ್ನು ಈ ಅಂಕಿಗಳು ಹೇಳವು. ಬೊಂಬೆಯನ್ನು ಎತ್ತಿಕೊಂಡವಳಿಗೆ ಸುತ್ತಲಿನವರಿಂದ ದೊರೆತ ಅಕ್ಕರೆಯೇ ಹಿತವಾಗಿರಬಹುದೆಂದು ನಾವು ಊಹಿಸುತ್ತೇವೆ.

೧೯೮೩ರಲ್ಲಿ ಲಾಸ್ ಏಂಜಲೀಸಿನಲ್ಲಿ ಪೋಲೀಸರೇ ತರಗತಿಗೆ ಬಂದು ಮಾದಕ ವಸ್ತುಗಳ ವಿರುದ್ಧ ಬೋಧಿಸುವ ಯೋಜನೆ ಆರಂಭವಾಗಿ ಅಮೆರಿಕದಲ್ಲೆಲ್ಲ ಹಬ್ಬಿತು. ೧೯೯೪ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾದಕ ವಸ್ತುಗಳ ಬಳಕೆಯ ಮೇಲೆ ಅದರ ಪರಿಣಾಮ ಅತ್ಯಲ್ಪವೆಂದು ಕಂಡಿತು. ಜನಪ್ರಿಯತೆಯೇನೋ ಕುಗ್ಗಲಿಲ್ಲ.

ಎಲ್ಲ ಪಾಠಗಳೂ ಹೀಗೆ ಕೈಗೆ ಸಿಗದವಲ್ಲ. ಹೃದಯ ನಿಂತವನ ಎದೆಯನ್ನು ನಿಮಿಷಕ್ಕೆ ೧೦೦ರಿಂದ ೧೨೦ ಸಲ, ೫ರಿಂದ ೬ ಸೆಂಟಿಮೀಟರ್ ಆಳಕ್ಕೆ ಒತ್ತುವ ವಿದ್ಯೆಯೂ ಈಗ ಇಂಗ್ಲೆಂಡಿನ ಪಠ್ಯದಲ್ಲಿದೆ. ಇದನ್ನು ಅಳೆಯಬಹುದು. ೨೦೦೭ರಲ್ಲಿ ಪ್ರಕಟವಾದ ಕಾರ್ಡಿಫ್ ನಗರದ ಅಧ್ಯಯನವೊಂದರಲ್ಲಿ, ೯-೧೦ ವಯಸ್ಸಿನ ಒಂದು ಮಗುವಿಗೂ ಬೊಂಬೆಯ ಎದೆಯನ್ನು ಆಗ ವಿಧಿಸಿದ್ದ ಆಳಕ್ಕೆ ಒತ್ತಲಾಗಲಿಲ್ಲ. ೧೩-೧೪ರವರಲ್ಲಿ ಶೇಕಡ ೪೫ ಮಂದಿಗೆ ಸಾಧ್ಯವಾಯಿತು. ಕೊರತೆ ಕಲಿಕೆಯದಲ್ಲ, ತೂಕದ್ದು. ಕೈಯಿಡುವ ಸ್ಥಾನವನ್ನೂ ಒತ್ತುವ ಲಯವನ್ನೂ ಚಿಕ್ಕವರು ದೊಡ್ಡವರಷ್ಟೇ ಚೆನ್ನಾಗಿ ಕಲಿತಿದ್ದರು.