ಹಡಗುಗಳ ಸದ್ದೂ ಜಲಚರಗಳ ಸಂಕಟವೂ

ಜಾತ್ರೆಯ ಗದ್ದಲದಲ್ಲಿ ತಾಯಿಯ ಕೈ ತಪ್ಪಿದ ಮಗುವಿನ ಪಾಡನ್ನು ನಾವೆಲ್ಲರೂ ಬಲ್ಲೆವು. ತಾಯಿಯು ಎಷ್ಟು ಕೂಗಿದರೂ ಆ ಕೂಗು ಮಗುವಿನ ಕಿವಿಯನ್ನು ಮುಟ್ಟದು. ಕಡಲಿನಲ್ಲಿ ವಾಸಿಸುವ ಅನೇಕ ಪ್ರಾಣಿಗಳು ಇಂದು ಇಂತಹದೇ ದುಃಸ್ಥಿತಿಯಲ್ಲಿರುವುವು. ಅದು ಹೇಗೆಂಬುದನ್ನೂ, ಅದಕ್ಕೆ ಪರಿಹಾರವುಂಟೆ ಎಂಬುದನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸುವೆವು.

ಸಮುದ್ರದೊಳಗೆ ಬೆಳಕು ಹೆಚ್ಚು ದೂರ ಸಾಗದು. ಶಬ್ದವಾದರೋ ಗಾಳಿಯಲ್ಲಿ ಚಲಿಸುವುದಕ್ಕಿಂತ ನಾಲ್ಕು ಮಡಿಗೂ ಮಿಗಿಲಾದ ವೇಗದಿಂದ, ಸೆಕೆಂಡಿಗೆ ಸುಮಾರು 1500 ಮೀಟರಿನಂತೆ, ಬಹುದೂರ ಹರಿಯುವುದು. ಆದುದರಿಂದ ತಿಮಿಂಗಿಲಗಳಿಗೆ ಕಣ್ಣಿಗಿಂತಲೂ ಕಿವಿಯೇ ಮುಖ್ಯ. ಒಂದನ್ನೊಂದು ಕರೆಯುವುದಕ್ಕೂ, ಕೆಲವು ಜಾತಿಗಳಲ್ಲಿ ಆಹಾರವನ್ನು ಅರಸುವುದಕ್ಕೂ ಶಬ್ದವೇ ಅವುಗಳ ಸಾಧನ.

ಇನ್ನು ಹಡಗಿನ ಸದ್ದು ಹುಟ್ಟುವ ಬಗೆಯನ್ನು ನೋಡೋಣ. ನೀರನ್ನು ಹಿಂದಕ್ಕೆ ನೂಕುವ ಪ್ರೊಪೆಲ್ಲರು ರಭಸದಿಂದ ತಿರುಗುವಾಗ ಅದರ ಅಲಗುಗಳ ಬಳಿ ನೀರಿನ ಒತ್ತಡವು ಕುಗ್ಗಿ, ಅಸಂಖ್ಯಾತವಾದ ಆವಿಯ ಗುಳ್ಳೆಗಳು ಏಳುವುವು. ಮರುಕ್ಷಣವೇ ಅವು ಕುಸಿದು ಒಡೆಯುವಾಗ ಉಂಟಾಗುವ ಸದ್ದೇ ಈ ಗದ್ದಲದ ಬಹುಪಾಲು. ಎಂಜಿನುಗಳ ಅದುರು ಅದರೊಡನೆ ಕೂಡಿಕೊಳ್ಳುವುದು.

ಈ ಸದ್ದಿನಿಂದ ಪ್ರಾಣಿಗಳಿಗೆ ನಿಜವಾಗಿ ಬಾಧೆಯುಂಟೆ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವು ಅನಿರೀಕ್ಷಿತವಾಗಿ ದೊರೆಯಿತು. 2001ನೆಯ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ನಡೆದ ದಾಳಿಯ ತರುವಾಯ ಕೆಲವು ದಿನ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಸಂಚಾರವು ತಗ್ಗಿತು. ಅಲ್ಲಿ ರೈಟ್ ತಿಮಿಂಗಿಲಗಳ ಮಲವನ್ನು ಸಂಗ್ರಹಿಸುತ್ತಿದ್ದ ವಿಜ್ಞಾನಿಗಳು ಅದನ್ನು ಪರೀಕ್ಷಿಸಲಾಗಿ, ದೇಹವು ಸಂಕಟದಲ್ಲಿರುವಾಗ ಹೆಚ್ಚುವ ಹಾರ್ಮೋನುಗಳು ಆ ಕಾಲದಲ್ಲಿ ಇಳಿದಿದ್ದುವು. ನೀರಿನೊಳಗಿನ ಸದ್ದು 6 ಡೆಸಿಬೆಲ್‌ನಷ್ಟು ಕಡಮೆಯಾಗಿತ್ತು. ಈ ಸಂಶೋಧನೆಯು 2012ರಲ್ಲಿ ಪ್ರಕಟವಾಯಿತು. ಮನುಷ್ಯರು ಶೋಕದಲ್ಲಿ ಮುಳುಗಿದ್ದ ಆ ದಿನಗಳಲ್ಲಿ ತಿಮಿಂಗಿಲಗಳಿಗೆ ಕೊಂಚ ನೆಮ್ಮದಿ ದೊರೆತಿತ್ತು!

ಹಾಗೆಂದು ಹಡಗುಗಳನ್ನೇ ನಿಲ್ಲಿಸಲಾದೀತೆ? ನಾವು ಉಣ್ಣುವ, ಉಡುವ ಎಷ್ಟೋ ವಸ್ತುಗಳು ಹಡಗಿನಲ್ಲಿಯೇ ಬರುವುವು. ಆದರೆ ಸದ್ದನ್ನು ತಗ್ಗಿಸುವ ಉಪಾಯಗಳುಂಟು. ಗುಳ್ಳೆಗಳು ಕಡಮೆಯಾಗುವಂತೆ ಪ್ರೊಪೆಲ್ಲರನ್ನು ರಚಿಸಿ ಶುಚಿಯಾಗಿಡುವುದು ಒಂದು. ಎಂಜಿನುಗಳ ಅಡಿಯಲ್ಲಿ ಅದುರನ್ನು ಹೀರುವ ಆಧಾರಗಳನ್ನಿಡುವುದು ಇನ್ನೊಂದು. ಪ್ರಾಣಿಗಳು ನೆರೆಯುವೆಡೆಗಳಿಂದ ಹಡಗಿನ ದಾರಿಯನ್ನು ದೂರವಿಡುವುದು ಮತ್ತೊಂದು. ಎಲ್ಲಕ್ಕಿಂತ ಸುಲಭವಾದುದು ವೇಗವನ್ನು ತಗ್ಗಿಸುವುದು. ಇದರಿಂದ ಪಯಣದ ಕಾಲವು ಹೆಚ್ಚುವುದಾದರೂ ಸಾಮಾನ್ಯವಾಗಿ ಇಂಧನವು ಉಳಿಯುವುದು.

ಕೆನಡಾದ ವ್ಯಾಂಕೂವರ್ ಬಂದರಿಗೆ ಹೋಗುವ ಹಾರೋ ಜಲಸಂಧಿಯಲ್ಲಿ ಓರ್ಕಾ ತಿಮಿಂಗಿಲಗಳ ಒಂದು ಬಳಗವುಂಟು. ಅವುಗಳ ಸಂಖ್ಯೆ ಎಂಬತ್ತನ್ನೂ ಮುಟ್ಟದು. ಸದ್ದನ್ನು ಹೊರಡಿಸಿ ಅದರ ಪ್ರತಿಧ್ವನಿಯಿಂದಲೇ ಅವು ಸಾಲ್ಮನ್ ಮೀನನ್ನು ಕಂಡುಹಿಡಿಯುವುವು. ಅಲ್ಲಿ 2017ರಲ್ಲಿ ವೇಗವನ್ನು 11 ನಾಟಿಗೆ, ಎಂದರೆ ಗಂಟೆಗೆ ಸುಮಾರು 20 ಕಿಲೋಮೀಟರಿಗೆ, ಇಳಿಸಬೇಕೆಂದು ಹಡಗುಗಳನ್ನು ಬೇಡಿಕೊಳ್ಳಲಾಯಿತು. ಕಟ್ಟಳೆಯ ಬಲವಂತವಿಲ್ಲದಿದ್ದರೂ ಬಹುಮಂದಿ ಅದನ್ನು ಮನ್ನಿಸಿದರು, ಸದ್ದೂ ಇಳಿಯಿತು. ಅಂತರರಾಷ್ಟ್ರೀಯ ನೌಕಾಯಾನ ಸಂಸ್ಥೆಯು 2014ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ಸೂಚನೆಗಳೂ ಕಡ್ಡಾಯವಾದುವಲ್ಲ.

ಕಡಲಿಗೆ ಸೇರಿದ ಎಣ್ಣೆಯನ್ನೂ ಕಸವನ್ನೂ ತೆಗೆಯುವುದು ಕಷ್ಟ. ಸದ್ದಾದರೋ ನಾವು ನಿಲ್ಲಿಸಿದೊಡನೆ ಇಲ್ಲವಾಗುವುದು. ಇಷ್ಟು ಸುಲಭವಾಗಿ ಅಳಿಸಬಹುದಾದ ಕೇಡನ್ನು ಅಳಿಸದೆ ಬಿಡುವುದು ನಮಗೆ ತಕ್ಕುದಲ್ಲವೆಂಬುದನ್ನು ನಮ್ಮ ವಾಚಕರು ಒಪ್ಪುವರೆಂದು ನಂಬುವೆವು.