ಋತುನಿವೃತ್ತಿಯ ಝಳವೂ ಗಿಡಮೂಲಿಕೆಗಳೂ: ಒಂದು ಪರಿಶೀಲನೆ

ಮುಟ್ಟು ನಿಲ್ಲುವ ಕಾಲದಲ್ಲಿ ಸ್ತ್ರೀಯರಿಗೆ ಹಠಾತ್ತನೆ ಎದೆ, ಕುತ್ತಿಗೆ, ಮುಖಗಳಿಗೆ ಝಳವೇರಿ, ಮೈ ಬೆವತು, ಕೆಲವು ನಿಮಿಷಗಳಲ್ಲಿ ಇಳಿದುಹೋಗುವ ಬಾಧೆಯೊಂದುಂಟು. ಗಿಡಮೂಲಿಕೆಗಳಿಂದ ಇದಕ್ಕೆ ಎಷ್ಟರಮಟ್ಟಿಗೆ ಶಮನ ದೊರೆಯುವುದೆಂಬುದನ್ನು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರದೇಶವನ್ನು ದೃಷ್ಟಿಯಲ್ಲಿಟ್ಟುಕೊಂಡು ಇಲ್ಲಿ ವಿಚಾರಿಸುತ್ತೇವೆ. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುವ ಈ ನಾಡಿನಲ್ಲಿ ಇದನ್ನು ಬಿಸಿಲಿನ ಕಾವೆಂದು ತಳ್ಳಿಹಾಕುವುದು ಸುಲಭ. ಆದರೆ ಚಳಿಗಾಲದ ರಾತ್ರಿಯಲ್ಲಿಯೂ ಇದು ನಿದ್ದೆಗೆಡಿಸುತ್ತದೆ. ದೇಹದಲ್ಲಿ ಈಸ್ಟ್ರೊಜೆನ್ ಕಡಿಮೆಯಾದಂತೆ, ಉಷ್ಣತೆಯನ್ನು ಹತೋಟಿಯಲ್ಲಿಡುವ ಮೆದುಳಿನ ಕೇಂದ್ರವು ಅಲ್ಪ ವ್ಯತ್ಯಾಸಕ್ಕೂ ಪ್ರತಿಕ್ರಿಯಿಸಿ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದೇ ಇದಕ್ಕೆ ಕಾರಣ.

ಮೊದಲು ಗ್ರಂಥಾಧಾರವನ್ನು ನೋಡೋಣ. ರಜಸ್ಸು 12ನೆಯ ವರ್ಷದಿಂದ ಪ್ರವರ್ತಿಸಿ 50ರಲ್ಲಿ ಕ್ಷಯಿಸುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಅದನ್ನು ರೋಗವೆಂದಲ್ಲ, ದೇಹವು ಮುಪ್ಪಿನಿಂದ ಪಕ್ವವಾದುದರ ಫಲವೆಂದು ಎಣಿಸುತ್ತದೆ. ಋತುನಿವೃತ್ತಿಯ ಝಳವನ್ನು ಪ್ರತ್ಯೇಕ ವ್ಯಾಧಿಯಾಗಿ ವಿವರಿಸಿಲ್ಲ. ಇಂದಿನ ಆಯುರ್ವೇದ ವೈದ್ಯರು ಪಿತ್ತಶಾಮಕವೆಂದು ಶತಾವರಿಯನ್ನು ಸೂಚಿಸುವುದುಂಟು. ಶತಾವರಿ ಪ್ರಾಚೀನ ಔಷಧಿಯೆಂಬುದು ನಿಜ. ಆದರೆ ಔಷಧಿಯ ಪ್ರಾಚೀನತೆ ಬೇರೆ, ಈ ಬಾಧೆಗೆ ಅದರ ವಿನಿಯೋಗದ ಪ್ರಾಚೀನತೆ ಬೇರೆ.

ಇಲ್ಲಿ ಮಸ್ಕಿಯ ಬಂಡೆಯೇ ನಮಗೊಂದು ಪಾಠವನ್ನು ಕಲಿಸುತ್ತದೆ. ಶಾಸನಗಳ ದೇವಾನಾಂಪ್ರಿಯ ಪ್ರಿಯದರ್ಶಿಯೇ ಅಶೋಕನೆಂದು ವಿದ್ವಾಂಸರು ಸಿಂಹಳದ ಇತಿಹಾಸಗ್ರಂಥಗಳ ಬಲದಿಂದ ಊಹಿಸಿದ್ದರು. 1915ರಲ್ಲಿ ದೊರೆತ ಮಸ್ಕಿಯ ಶಾಸನದಲ್ಲಿ ಅಶೋಕನೆಂಬ ಹೆಸರೇ ಕಂಡಾಗ ಊಹೆಯು ಸಿದ್ಧಾಂತವಾಯಿತು. ಸಂಭಾವ್ಯವಾದುದು ಸಿದ್ಧವಾಗಬೇಕಾದರೆ ಪ್ರತ್ಯಕ್ಷ ಪ್ರಮಾಣ ಬೇಕು. ಔಷಧಿಯ ವಿಷಯದಲ್ಲಿ ಅಂಥ ಪ್ರಮಾಣವೆಂದರೆ, ಒಂದು ಗುಂಪಿಗೆ ಮದ್ದನ್ನೂ ಇನ್ನೊಂದಕ್ಕೆ ಅದರಂತೆಯೇ ತೋರುವ ನಿಸ್ಸತ್ವ ವಸ್ತುವನ್ನೂ ಕೊಟ್ಟು ಹೋಲಿಸುವುದು.

ಈ ಸೀಮೆಯಲ್ಲಿ ಜೋಳದ ರೊಟ್ಟಿಯೊಡನೆ ತಿನ್ನುವ ಅಗಸಿ ಹಿಂಡಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಗಸೆಯಲ್ಲಿರುವ ಲಿಗ್ನಾನ್‌ಗಳು ಈಸ್ಟ್ರೊಜೆನ್ನಿನಂತೆ ಮಂದವಾಗಿ ವರ್ತಿಸುವುದರಿಂದ ಅದು ಝಳವನ್ನು ತಗ್ಗಿಸೀತೆಂಬ ನಿರೀಕ್ಷೆಯಿತ್ತು. ಅಮೆರಿಕದಲ್ಲಿ 188 ಸ್ತ್ರೀಯರ ಮೇಲೆ 6 ವಾರ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಗಸೆ ತಿಂದವರಲ್ಲಿಯೂ ತಿನ್ನದವರಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಬಾಧೆ ಅರ್ಧಕ್ಕಿಳಿಯಿತು. ಪಾಶ್ಚಾತ್ಯರ ಪ್ರಸಿದ್ಧ ಮೂಲಿಕೆಯಾದ ಬ್ಲ್ಯಾಕ್ ಕೊಹೊಶ್ ಕೂಡ 2006ರಲ್ಲಿ ಪ್ರಕಟವಾದ ಒಂದು ವರ್ಷದ ಪ್ರಯೋಗದಲ್ಲಿ ನಿಸ್ಸತ್ವ ಗುಳಿಗೆಗಿಂತ ಮೇಲೆನಿಸಲಿಲ್ಲ. ಅಶ್ವಗಂಧ, ಶತಾವರಿಗಳ ಬಗೆಗೆ ಅನುಕೂಲ ಫಲ ತೋರಿದ ಪ್ರಯೋಗಗಳಿವೆಯಾದರೂ ಅವು ಚಿಕ್ಕವು, ಅಲ್ಪಾವಧಿಯವು.

ಹಾಗಾದರೆ ಮದ್ದಿನಿಂದ ಗುಣವಾಯಿತೆಂಬ ಹಿರಿಯ ಹೆಂಗಸರ ಮಾತು ಸುಳ್ಳೇ? ಅಲ್ಲ. ಈ ಬಾಧೆಯು ಏರಿಳಿಯುತ್ತ ಬಹುಮಂದಿಯಲ್ಲಿ ಕಾಲಕ್ರಮದಲ್ಲಿ ತಾನೇ ಶಮನಗೊಳ್ಳುತ್ತದೆ. ಆರೈಕೆಯೂ ನಂಬಿಕೆಯೂ ನೆಮ್ಮದಿ ಕೊಡುತ್ತವೆ. ಅವರ ಅನುಭವ ಸತ್ಯ. ಅದಕ್ಕೆ ಮೂಲಿಕೆಯೇ ಕಾರಣವೆಂಬುದು ಮಾತ್ರ ಸಿದ್ಧವಾಗಿಲ್ಲ.

ಅಗಸೆಯು ಒಳ್ಳೆಯ ಆಹಾರ, ಅದನ್ನು ಬಿಡಬೇಕಾದುದಿಲ್ಲ. ಆದರೆ ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆನ್ನಲಾಗದು. ಅಶ್ವಗಂಧದಿಂದ ಅಪರೂಪವಾಗಿ ಯಕೃತ್ತಿಗೆ ಹಾನಿಯಾದುದುಂಟು. ಸ್ತನದ ಕ್ಯಾನ್ಸರಿಗೆ ಒಳಗಾದವರು ವೈದ್ಯರನ್ನು ಕೇಳದೆ ಇಂಥ ಮದ್ದುಗಳನ್ನು ಸೇವಿಸಬಾರದು. ಝಳಕ್ಕೆ ಅತ್ಯಂತ ಪರಿಣಾಮಕಾರಿಯೆಂದು ಸಿದ್ಧವಾಗಿರುವುದು ಹಾರ್ಮೋನ್ ಚಿಕಿತ್ಸೆ. ಅದು ಎಲ್ಲರಿಗೂ ಸಲ್ಲದು, ಒಗ್ಗದವರಿಗೆ ಬೇರೆ ಔಷಧಿಗಳಿವೆ. ಮುಟ್ಟು ನಿಂತು 12 ತಿಂಗಳಾದ ಮೇಲೆ ಮತ್ತೆ ರಕ್ತ ಕಂಡರಂತೂ ಕಷಾಯದಲ್ಲಿ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಮನೆಯ ಹೆಂಗಸು ಝಳವೆಂದಾಗ ಅದು ಬಿಸಿಲೆಂದು ಸುಮ್ಮನಿರಿಸದೆ ಆಕೆಯ ಮಾತನ್ನು ಕೇಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.